ಪಾಲಾಗದೆ ಉಳಿದ ಏಳು ಸೆಂಟ್ಸ್: ಉಡುಪಿಯ ಒಂದು ಪದವಿನ ಪ್ರಕರಣ

ಉಡುಪಿ ಜಿಲ್ಲೆಯ ಒಂದು ಹಳ್ಳಿ. ಒಡಹುಟ್ಟಿದ ನಾಲ್ವರ ನಡುವೆ ಆಸ್ತಿ ಪಾಲಾಗಬೇಕಿತ್ತು. ಕೆಳಗೆ ಗದ್ದೆ, ನಡುವೆ ತೋಟ ಮತ್ತು ಹಳೆ ಮನೆ, ಮೇಲೆ ಗುಡ್ಡೆಯ ನೆತ್ತಿಯಲ್ಲಿ ಪದವು. ಗದ್ದೆ, ತೋಟದ ವಿಷಯ ಎರಡು ಮಾತಲ್ಲಿ ಮುಗಿಯಿತು. ಪದವಿನ ಒಂದು ತುಂಡು ಮಾತ್ರ ಯಾರಿಗೂ ಬೇಡ. ಅಲ್ಲಿ ಮುರಕಲ್ಲಿನಲ್ಲಿ (ಜಂಬಿಟ್ಟಿಗೆ ಕಲ್ಲು, ಲ್ಯಾಟರೈಟ್) ಕೊರೆದ ಹಳೆಯ ಸಮಾಧಿಯೊಂದು ಇತ್ತು.

ನಾನು ಲೈಸೆನ್ಸ್ ಇರುವ ಸರ್ವೆಯರ್. ಪಾಲಿಗೆ ಬೇಕಾದ 11ಇ ನಕ್ಷೆ ತಯಾರು ಮಾಡಲಿಕ್ಕೆ ನನ್ನನ್ನು ಕರೆದಿದ್ದರು. ಪುರಾತತ್ವ ನನ್ನ ಓದಲ್ಲ, ಅಳತೆ ನನ್ನ ಕೆಲಸ. ಆದರೆ ಈ ಪ್ರಕರಣ ನೋಡಿದ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಗಿದೆ. ನಮ್ಮ ಕರಾವಳಿಯಲ್ಲಿ ಇಂಥ ಸಮಾಧಿಗಳ ಹಣೆಬರಹ ಹೆಚ್ಚಾಗಿ ತೀರ್ಮಾನವಾಗುವುದು ಪಹಣಿ, ಗಡಿಕಲ್ಲು, ಪಾಲುಪಟ್ಟಿಯ ಮಟ್ಟದಲ್ಲೇ. ಸ್ಮಾರಕದ ಕಾನೂನು ಅಲ್ಲಿಗೆ ಬರುವ ಹೊತ್ತಿಗೆ, ಬಂದರೆ, ಅರ್ಧ ಕೆಲಸ ಆಗಿಹೋಗಿರುತ್ತದೆ. ಒಂದೋ ಉಳಿದಿರುತ್ತದೆ, ಇಲ್ಲ ಕೋರೆಯ ಗುಂಡಿ ಇರುತ್ತದೆ.

ಊರಿನ ಹೆಸರು, ಮನೆಯವರ ಹೆಸರು ಬರೆಯುವುದಿಲ್ಲ. ಮನೆಯವರ ಮರ್ಯಾದೆ ಒಂದು ಕಾರಣ. ಇನ್ನೊಂದು, ನಿಧಿ ಹುಡುಕುವವರು. ಅವರ ವಿಷಯ ಮುಂದೆ ಬರುತ್ತದೆ.

ಪದವಿನ ಮೇಲೆ

ಪದವು ಅಂದರೆ ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಘಟ್ಟದ ಮೇಲಿನವರಿಗಾಗಿ ಹೇಳುವುದಾದರೆ, ಗುಡ್ಡೆಯ ನೆತ್ತಿಯಲ್ಲಿ ಚಪ್ಪಟೆಯಾಗಿ ಹರಡಿದ ಮುರಕಲ್ಲಿನ ಬಯಲು. ಮಳೆಗಾಲದಲ್ಲಿ ಮೊಣಕಾಲೆತ್ತರ ಮುಳಿಹುಲ್ಲು, ಬೇಸಿಗೆಯಲ್ಲಿ ಬರಿಗಾಲು ಇಡಲಿಕ್ಕಾಗದ ಕಾವು. ಇಲ್ಲಿ ಒಂದು ಅಂಚಿಗೆ ಗೇರು ಮರಗಳಿವೆ, ಆಚೆ ಬದಿಗೆ ಅಕೇಶಿಯಾ ನೆಡುತೋಪು.

ಸ್ವಲ್ಪ ಉಬ್ಬಿದ ಜಾಗದಲ್ಲಿ, ಪಾರೆಯ (ಹಾಸುಬಂಡೆಯ) ಮೇಲೆಯೇ, ದುಂಡಗಿನ ಬಾಯಿ. ಅಗಲ ಒಂದೂವರೆ ಅಡಿ ಚಿಲ್ಲರೆ. ಕೈಯಿಂದ ಕೊರೆದದ್ದು ಅಂತ ನೋಡಿದ ಕೂಡಲೇ ತಿಳಿಯುತ್ತದೆ. ಬಾಯಿಯ ಸುತ್ತ ಒಂದು ತೆಳ್ಳಗಿನ ತಗ್ಗು ಇದೆ, ಮುಚ್ಚಳದ ಕಲ್ಲು ಅಲುಗಾಡದೆ ಕೂರಲಿಕ್ಕೆ ಮಾಡಿದ್ದು. ಮುಚ್ಚಳ ಈಗ ಇಲ್ಲ. ಟಾರ್ಚ್ ಬಿಟ್ಟು ನೋಡಿದರೆ ಬಾಯಿಗಿಂತ ಒಳಗು ಎಷ್ಟೋ ದೊಡ್ಡದು. ಮೇಲ್ಭಾಗ ಗುಮ್ಮಟದ ಹಾಗೆ ಬಾಗಿದೆ. ನೆಲ ಅರ್ಧಕ್ಕೂ ಜಾಸ್ತಿ ಮಣ್ಣು, ಗೇರು ತರಗೆಲೆ, ಒಂದೆರಡು ಪ್ಲಾಸ್ಟಿಕ್ ಬಾಟಲಿ.

ಗೋಡೆಯ ಮೇಲೆ ಉಳಿಯ ಗುರುತುಗಳು ಹಾಗೇ ಇವೆ. ಬೆರಳಗಲದ ಗೀರುಗಳು, ಒಂದರ ಪಕ್ಕ ಒಂದು, ಎಲ್ಲವೂ ಒಂದೇ ಕಡೆಗೆ ವಾಲಿವೆ. ಬಾಯಿಯ ಹತ್ತಿರ ಒತ್ತೊತ್ತಾಗಿ, ಆಳಕ್ಕೆ ಹೋದ ಹಾಗೆ ಉದ್ದುದ್ದ. ನನ್ನ ಜತೆ ಸರಪಳಿ ಹಿಡಿಯಲು ಬಂದಿದ್ದ ಹುಡುಗ ಮೊದಲು ಕಲ್ಲು ಕೋರೆಯಲ್ಲಿ ದುಡಿದವನು. ಅವನು ಬಗ್ಗಿ ನೋಡಿ ಹೇಳಿದ: "ಮೇಲೆ ಚಿಪ್ಪು ಗಟ್ಟಿ ಉಂಟಲ್ಲ, ಅಲ್ಲಿ ಸಣ್ಣ ಸಣ್ಣ ಪೆಟ್ಟು. ಕೆಳಗೆ ಮೆತ್ತಗೆ ಸಿಕ್ಕಿತು, ಮತ್ತೆ ಎಳೆದದ್ದೇ." ಮುರಕಲ್ಲಿನ ಗುಣವೇ ಹಾಗೆ. ನೆಲದ ಒಳಗೆ ತೇವ ಇರುವಾಗ ಕೊಯ್ಯಲು ಬರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ 1800ರ ದಶಕದ ಆರಂಭದಲ್ಲಿ ಮಲಬಾರಿನಲ್ಲಿ ಇದನ್ನು ನೋಡಿ ಬರೆದ. ಇಲ್ಲಿ ಗುಮ್ಮಟ ಕೊರೆದವರಿಗೆ ಅದಕ್ಕಿಂತ ಎರಡು ಸಾವಿರ ವರ್ಷ ಮೊದಲೇ ಗೊತ್ತಿತ್ತು.

ಊರಿನವರು ಕರೆಯುವುದು ಪಾಂಡವರ ಗುಹೆ ಅಂತ. ವನವಾಸದಲ್ಲಿ ಪಾಂಡವರು ಒಂದು ರಾತ್ರಿ ಇಲ್ಲಿದ್ದರಂತೆ. ಪಾಂಡವರ ಕಲ್ಲು, ಪಾಂಡವರ ಮನೆ, ಪಾಂಡವರ ಗುಹೆ ನಮ್ಮ ಎರಡೂ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಅವರು ಇಷ್ಟು ಕಡೆ ಒಂದೊಂದು ರಾತ್ರಿ ಉಳಿದಿದ್ದರೆ ಹದಿಮೂರು ವರ್ಷ ಸಾಕಾಗುತ್ತಿರಲಿಲ್ಲ! ಉತ್ತರ ಕರ್ನಾಟಕದಲ್ಲಾದರೆ ಇಂಥವಕ್ಕೆ ಮೋರ್ಯರ ಮನೆ ಅನ್ನುತ್ತಾರೆ, ಕುಳ್ಳ ಜನ ಕಟ್ಟಿದ್ದು ಅಂತ.

ಗುಹೆಯಿಂದ ಸ್ವಲ್ಪ ದೂರದಲ್ಲಿ ಇನ್ನೊಂದು ಇದೆ. ಮೊಣಕಾಲೆತ್ತರದ ಒಂದು ಕಲ್ಲುಗುಪ್ಪೆ. ಅಂಚಿನಲ್ಲಿ ದೊಡ್ಡ ಕಲ್ಲುಗಳು ಹೆಚ್ಚುಕಡಿಮೆ ದುಂಡಗೆ ಕೂತಿವೆ, ನಡುವೆ ಸಣ್ಣ ಕಲ್ಲು, ಮಣ್ಣು. ಮನೆಯ ಹಿರಿಯಣ್ಣ "ಅದು ಎಂತದ್ದೂ ಅಲ್ಲ, ಗೇರು ನೆಡುವಾಗ ಹೆಕ್ಕಿ ಹಾಕಿದ ಕಲ್ಲು" ಅಂದರು. ಅವರ ಅಕ್ಕ "ನಾನು ಸಣ್ಣವಳಿರುವಾಗಲೇ ಇತ್ತು, ಗೇರು ನೆಟ್ಟದ್ದು ಆಮೇಲೆ" ಅಂದರು. ಅಗೆಯದೆ ಇದು ಬಗೆಹರಿಯುವ ವಿಷಯವಲ್ಲ. ಅಗೆಯಲಿಕ್ಕೆ ನಮಗ್ಯಾರಿಗೂ ಅಧಿಕಾರ ಇಲ್ಲ.

ಇತಿಹಾಸ ಪಾಠ ಮಾಡಿ ನಿವೃತ್ತರಾದ ಪರಿಚಯದ ಮೇಷ್ಟ್ರೊಬ್ಬರನ್ನು ಕರೆದುಕೊಂಡು ಹೋದೆವು. ಅವರು ಗುಹೆಯ ಬಾಯಿಯ ಪಕ್ಕ ಬಿದ್ದಿದ್ದ ಮಡಕೆಯ ಒಂದು ಚೂರು ತೋರಿಸಿದರು. ಅಂಗೈಯಷ್ಟೂ ಇಲ್ಲ. ಹೊರಮೈ ಕೆಂಪು, ಒಳಮೈ ಕಪ್ಪು, ಎರಡೂ ಕಡೆ ನುಣುಪು. ಆವಿಗೆಯಲ್ಲಿ ಮಡಕೆಯನ್ನು ಬೋರಲು ಇಟ್ಟು ಸುಟ್ಟರೆ ಒಳಗೆ ಗಾಳಿ ಸಿಗುವುದಿಲ್ಲ, ಅದಕ್ಕೆ ಕಪ್ಪು. ಹೊರಗೆ ಗಾಳಿ ಸಿಗುತ್ತದೆ, ಅದಕ್ಕೆ ಕೆಂಪು. ದಕ್ಷಿಣ ಭಾರತದ ಬೃಹತ್ ಶಿಲಾ ಸಮಾಧಿಗಳಲ್ಲಿ ಈ ತರದ ಮಡಕೆ ಮತ್ತು ಕಬ್ಬಿಣದ ಸಾಮಾನು ಜತೆಯಾಗಿ ಸಿಗುವುದು ಮಾಮೂಲು. ಕಾಲ ಸ್ಥೂಲವಾಗಿ ಕ್ರಿ.ಪೂ. 1200ರಿಂದ ಕ್ರಿ.ಪೂ. 300ರವರೆಗೆ. ಈ ಒಂದು ಗುಹೆಗೆ ಇದೇ ಶತಮಾನ ಅಂತ ಯಾರೂ ಸುಮ್ನೆ ನೋಡಿ ಹೇಳಲಾರರು ಅಂತ ಮೇಷ್ಟ್ರು ಸ್ಪಷ್ಟವಾಗಿ ಹೇಳಿದರು. "ಎಲುಬು ಸಿಗ್ಲಿಕ್ಕುಂಟಾ ಸರ್?" ಅಂತ ನಮ್ಮ ಹುಡುಗ ಕೇಳಿದ. ಸಿಗುವ ಸಾಧ್ಯತೆ ಕಡಿಮೆ. ನಮ್ಮ ಮಣ್ಣು ಹುಳಿ. ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಕಡೆ ಹುಳಿ ಮಣ್ಣಿನಲ್ಲಿ ಎಲುಬು ಅಷ್ಟು ಕಾಲ ಉಳಿಯುವುದಿಲ್ಲ. ಅಂದರೆ ಇಲ್ಲಿ ಸಾಕ್ಷಿ ಅಂತ ಇರುವುದು ಮಡಕೆ ಚೂರು, ಕಬ್ಬಿಣದ ತುಂಡು, ಮತ್ತು ಅವು ಯಾವ ಮಣ್ಣಿನ ಪದರದಲ್ಲಿ ಹೇಗೆ ಕೂತಿವೆ ಅನ್ನುವುದು. ಮಣ್ಣು ಕೆದಕಿದರೆ ಮೂರನೆಯದು ಹೋಯಿತು.

ಯಾರಿಗೂ ಬೇಡದ ತುಂಡು

ಹಿರಿಯಣ್ಣ ಊರಲ್ಲೇ ಇದ್ದು ಸಾಗುವಳಿ ನೋಡಿಕೊಂಡವರು. ಎರಡನೆಯವರು ಮುಂಬೈಯಲ್ಲಿ ಹೋಟೆಲ್ ಇಟ್ಟವರು. ಅಕ್ಕನನ್ನು ಪಕ್ಕದ ಊರಿಗೆ ಕೊಟ್ಟಿದೆ. ಕಿರಿಯ ತಂಗಿ ಮಂಗಳೂರಿನಲ್ಲಿ ಟೀಚರ್. ಪದವನ್ನು ಕಲ್ಲಿನ ಕೋರೆಗೆ ಕೊಡುವ ಮಾತು ಮೊದಲೇ ನಡೆದಿತ್ತು. ಗುತ್ತಿಗೆದಾರ ಬಂದು ನೋಡಿ, ಎಲ್ಲಕ್ಕಿಂತ ಒಳ್ಳೆ ಕಲ್ಲು ಗುಹೆಯ ಸುತ್ತಲೇ ಉಂಟು ಅಂತ ಹೇಳಿ ಹೋಗಿದ್ದ.

ಇದು ಕಾಕತಾಳೀಯ ಅಲ್ಲ ಅಂತ ನನಗೆ ಅನಿಸುತ್ತದೆ. ಬಿರುಕಿಲ್ಲದ, ಮಣ್ಣಿನ ಗಂಟು ಕಡಿಮೆ ಇರುವ, ಒಂದೇ ಹದದ ಮುರಕಲ್ಲು ಬೇಕಾದ್ದು ಕೋರೆಯವನಿಗೂ ಹೌದು, ಗುಮ್ಮಟ ಕೊರೆದವನಿಗೂ ಹೌದು. ಒಳ್ಳೆ ಕಲ್ಲು ಹುಡುಕಿಕೊಂಡು ಹೋದ ಯಂತ್ರ ಸಮಾಧಿಗೇ ಹೋಗಿ ತಾಗುತ್ತದೆ. ಗರಗಸದ ಯಂತ್ರ ಪಾರೆಯ ಮೇಲೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಗೆರೆ ಕೊಯ್ಯುತ್ತದೆ, ಮತ್ತೆ ಕಲ್ಲನ್ನು ಅಡಿಯಿಂದ ಬಿಡಿಸಿ ಎಬ್ಬಿಸುತ್ತಾರೆ. ಕೈಯಲ್ಲಿ ಕೊಯ್ಯುವ ಕಾಲದಲ್ಲಿ ಒಂದು ಟೊಳ್ಳು ಸಿಕ್ಕಿದರೆ ಕೆಲಸ ನಿಂತು ಹತ್ತು ಮಂದಿ ಬಂದು ನೋಡುತ್ತಿದ್ದರು. ಈಗ ಮಧ್ಯಾಹ್ನದ ಊಟಕ್ಕೆ ಮೊದಲು ಎಲ್ಲಾ ಮುಗಿದಿರುತ್ತದೆ.

ಹಾಗಾದರೆ ಆ ತುಂಡು ಯಾರಿಗೆ? ಹಿರಿಯಣ್ಣನಿಗೆ ಕೋರೆ ಬೇಕಿತ್ತು, ಗುಹೆ ಬೇಡ. ಗುಹೆಗೆ ಕೈ ಹಾಕಿದರೆ ಮನೆಗೆ ಒಳ್ಳೆಯದಲ್ಲ ಅನ್ನುವ ಹೆದರಿಕೆ. ಎರಡನೆಯವರು ಫೋನಿನಲ್ಲಿ, "ನನಗೆ ರಸ್ತೆ ಬದಿ ಕೊಡಿ, ಮೇಲಿನದ್ದು ನೀವೇ ಇಟ್ಕೊಳ್ಳಿ." ಅಕ್ಕನಿಗೆ ತೋಟ ಸಾಕು. ಕೊನೆಗೆ ತಂಗಿಯ ಹೆಸರಿಗೆ ಬಂತು. ಅವರು ಅಲ್ಲೊಂದು ಮನೆ ಕಟ್ಟುವ ಯೋಚನೆಯಲ್ಲಿದ್ದವರು. ಅವರ ಮಾತು ಇಷ್ಟೇ: "ಅಣ್ಣ, ಹೆಣ ಹೂತ ಜಾಗ ಅಂತ ಗೊತ್ತಾದ ಮೇಲೆ ನನ್ನ ಅತ್ತೆ ಅಲ್ಲಿ ಒಂದು ಲೋಟ ನೀರು ಕುಡಿಲಿಕ್ಕಿಲ್ಲ. ಮಾರುವ ಅಂದ್ರೆ ಯಾರು ತಗೊಳ್ತಾರೆ?"

ಇದರ ಮೇಲೆ ಇನ್ನೊಂದು ಭಯ ಸೇರಿಕೊಂಡಿತ್ತು. "ಪುರಾತತ್ವದವರಿಗೆ ಗೊತ್ತಾದ್ರೆ ಇಡೀ ಪದವು ಸರ್ಕಾರಕ್ಕೆ ಹೋಗ್ತದೆ ಮಾರಾಯ್ರೆ. ಸುತ್ತ ಮುನ್ನೂರು ಮೀಟರ್ ಒಂದು ಕೋಳಿಗೂಡು ಸಹ ಕಟ್ಲಿಕ್ಕೆ ಬಿಡುದಿಲ್ಲ." ಹಿರಿಯಣ್ಣನಿಗೆ ಇದನ್ನು ಹೇಳಿದ್ದು ಯಾರೋ ಬ್ರೋಕರ್. ನನ್ನ ಅನುಭವದಲ್ಲಿ ಸಮಾಧಿಗಳನ್ನು ಅತಿ ಹೆಚ್ಚು ಹಾಳು ಮಾಡಿದ್ದು ಈ ಒಂದು ಮಾತು. ಗುಹೆ ಸಿಕ್ಕಿದ ರಾತ್ರಿಯೇ ಜೆಸಿಬಿ ತರಿಸಿ ಮಣ್ಣು ತುಂಬಿಸಿ ಬಾಯಿ ಮುಚ್ಚಿದವರನ್ನು ನಾನು ಬಲ್ಲೆ. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಹೆದರಿದವರು.

ಆ ಭಯದಲ್ಲಿ ಸತ್ಯ ಎಷ್ಟು?

ಪಾಲಿನ ಮಾತುಕತೆಗೆ ಬಂದಿದ್ದ ವಕೀಲರು ಮತ್ತು ಮೇಷ್ಟ್ರು ಸೇರಿ ಇದನ್ನು ಬಿಡಿಸಿ ಹೇಳಿದರು. 1958ರ ಕೇಂದ್ರ ಕಾಯ್ದೆಯಲ್ಲಿ ಪ್ರಾಚೀನ ಸ್ಮಾರಕ ಅಂದರೆ ಏನು ಅಂತ ಹೇಳುವಾಗ ಕಟ್ಟಡ, ಗುಹೆ, ಶಾಸನ, ಒಂಟಿಗಲ್ಲಿನ ಜತೆ ಸಮಾಧಿ ದಿಬ್ಬ ಮತ್ತು ಹೂಳಿದ ಜಾಗ ಕೂಡ ಸೇರಿದೆ. ಕನಿಷ್ಠ 100 ವರ್ಷ ಹಳೆಯದಾಗಿದ್ದರೆ ಸಾಕು. ಹಾಗಾಗಿ ನಮ್ಮ ಗುಹೆ ಆ ವಿವರಣೆಯೊಳಗೆ ಬರುತ್ತದೆ, ಸಂಶಯವಿಲ್ಲ. ಆದರೆ ವಿವರಣೆಯೊಳಗೆ ಬಂದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ. ರಾಷ್ಟ್ರೀಯ ಮಹತ್ವ ಇದೆ ಅಂತ ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಅದಕ್ಕೂ ಮೊದಲು ಎರಡು ತಿಂಗಳ ನೋಟಿಸ್ ಕೊಟ್ಟು, ಆ ನೋಟಿಸನ್ನು ಜಾಗದ ಹತ್ತಿರವೇ ಕಾಣುವ ಹಾಗೆ ಅಂಟಿಸಿ, ಆಕ್ಷೇಪ ಕೇಳಬೇಕು. ರಾಜ್ಯದ ಮಟ್ಟದಲ್ಲಿ ರಕ್ಷಿಸಲಿಕ್ಕೆ ಕರ್ನಾಟಕದ 1961ರ ಕಾಯ್ದೆ ಬೇರೆ ಇದೆ.

ಮುನ್ನೂರು ಮೀಟರಿನ ಮಾತು ಬಂದದ್ದು 2010ರ ತಿದ್ದುಪಡಿಯಿಂದ. ಕೇಂದ್ರದ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಆ ಕಾಯ್ದೆಯ ಈ ನಿಯಮ ಕೇಂದ್ರದ ಪಟ್ಟಿಯಲ್ಲಿ ಸೇರಿದ ಸ್ಮಾರಕಕ್ಕೆ. ಗುಹೆ ಸಿಕ್ಕಿದೆ ಅಂತ ತಹಸೀಲ್ದಾರರಿಗೆ ಒಂದು ಅರ್ಜಿ ಕೊಟ್ಟ ಕೂಡಲೇ ಸುತ್ತಲಿನ ಜಾಗಕ್ಕೆ ಬೇಲಿ ಬೀಳುವುದಿಲ್ಲ. ಇನ್ನೊಂದು ಮಾತು ಮನೆಯವರಿಗೆ ಹೊಸದು: ಸಂರಕ್ಷಿತ ಅಂತ ಘೋಷಣೆಯಾದರೂ ಜಾಗದ ಮಾಲಕತ್ವ ತನ್ನಷ್ಟಕ್ಕೆ ಸರ್ಕಾರಕ್ಕೆ ಹೋಗುವುದಿಲ್ಲ. ಮಾಲಕನ ಜತೆ ಒಪ್ಪಂದ ಮಾಡಿಕೊಂಡು ಸ್ಮಾರಕ ಕಾಪಾಡಲಿಕ್ಕೆ ಕೇಂದ್ರ ಕಾಯ್ದೆಯಲ್ಲೇ ದಾರಿ ಇದೆ.

ಹಿರಿಯಣ್ಣ ಅಷ್ಟು ಹೊತ್ತು ಸುಮ್ಮನೆ ಕೂತಿದ್ದವರು, "ಹಾಗಾದ್ರೆ ಮೊದಲೇ ಹೇಳ್ಬಹುದಿತ್ತಲ್ಲ" ಅಂದರು. ಯಾರಿಗೆ ಹೇಳಿದ್ದೋ ಗೊತ್ತಿಲ್ಲ. ಆದರೆ ಆವತ್ತಿನಿಂದ ಅವರ ಧಾಟಿ ಬದಲಾಯಿತು.

ಈ ಕಾನೂನಿನ ಇನ್ನೊಂದು ಮುಖವೂ ಇದೆ. ಅಧಿಸೂಚನೆ ಇಲ್ಲದಿದ್ದರೆ ಮಾಲಕ ಕಲ್ಲು ತೆಗೆದರೂ ಸ್ಮಾರಕ ಕಾಯ್ದೆಯಡಿ ಹಿಡಿಯುವುದು ಕಷ್ಟ. ಒಂದು ಕಚೇರಿಗೆ ಬರೆದ ಕಾಗದಕ್ಕೆ "ಸದರಿ ಸ್ಥಳವು ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಇರುವುದಿಲ್ಲ" ಅಂತ ಒಂದು ಸಾಲಿನ ಉತ್ತರ ಬಂತು. ಪಟ್ಟಿಯಲ್ಲಿ ಇಲ್ಲ ಅಂತಲೇ ಅಲ್ವಾ ಬರೆದದ್ದು!

ವರದಿಯಾದರೆ ಉಳಿಯುತ್ತದೆಯೇ?

ಮೂಡುಬಿದಿರೆ ಹತ್ತಿರದ ಮೂಡುಕೊಣಾಜೆಯ ವಿಷಯ ಇಲ್ಲಿ ಹೇಳಬೇಕು. ಅಲ್ಲಿ ಗುಡ್ಡದ ಇಳಿಜಾರಿನಲ್ಲಿ ಚಪ್ಪಡಿ ಕಲ್ಲು ನಿಲ್ಲಿಸಿ ಕಟ್ಟಿದ ಕಲ್ಮನೆ ಸಮಾಧಿಗಳಿವೆ. ಇತಿಹಾಸ ಸಂಶೋಧಕ ಪುಂಡಿಕಾಯಿ ಗಣಪಯ್ಯ ಭಟ್ಟರು ದಶಕಗಳ ಹಿಂದೆಯೇ ಅವನ್ನು ಗುರುತಿಸಿ ಬರೆದಿದ್ದರು. ಶಿರ್ವದ ಎಂಎಸ್‌ಆರ್‌ಎಸ್ ಕಾಲೇಜಿನಲ್ಲಿ ಪುರಾತತ್ವ ಕಲಿಸುತ್ತಿದ್ದ ಪ್ರೊ. ಟಿ. ಮುರುಗೇಶಿಯವರು ಇತ್ತೀಚಿನ ವರ್ಷಗಳಲ್ಲಿ ಅಲ್ಲಿ ಅಧ್ಯಯನ ಮಾಡಿದಾಗ ಒಂಬತ್ತು ಸಮಾಧಿಗಳಲ್ಲಿ ಎರಡು ಮಾತ್ರ ಸರಿಯಾಗಿ ಉಳಿದಿದ್ದವು. ಹಾಗೆ ಹಾಳಾದ ಜಾಗದಲ್ಲೂ ಅವರಿಗೆ ಸುಡುಮಣ್ಣಿನ ಗೊಂಬೆಗಳು ಸಿಕ್ಕವು: ಎತ್ತು, ನವಿಲು, ಕುದುರೆ, ತಾಯಿ ದೇವತೆ. ತುಳುನಾಡಿನ ದೈವಾರಾಧನೆಯ ಬೇರು ಹುಡುಕುವವರಿಗೆ ಇದು ಸಣ್ಣ ವಿಷಯವಲ್ಲ. ಆ ಗೊಂಬೆಗಳ ಅರ್ಥದ ಬಗ್ಗೆ ವಾದ ಇರಬಹುದು, ಇರಲಿ. ನನ್ನ ಲೆಕ್ಕ ಬೇರೆ. ವಿದ್ವಾಂಸರ ಬರಹದಲ್ಲಿ ಸೇರಿದ್ದ ಜಾಗದಲ್ಲೇ ಒಂಬತ್ತಕ್ಕೆ ಎರಡು ಉಳಿದರೆ, ಯಾರ ಬರಹದಲ್ಲೂ ಇಲ್ಲದ ಜಾಗದಲ್ಲಿ ಎಷ್ಟು ಉಳಿದೀತು?

ಕೊಪ್ಪಳದ ಹಿರೇಬೆಣಕಲ್ 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಅಲ್ಲಿ ಗ್ರಾನೈಟ್ ಚಪ್ಪಡಿಯ ನೂರಾರು ಸಮಾಧಿಗಳು ಬೆಟ್ಟದ ಮೇಲೆ ನಿಂತಿವೆ, ಫೋಟೋ ತೆಗೆದರೆ ಎದ್ದು ಕಾಣುತ್ತವೆ. ನಮ್ಮದು ನೆಲದಲ್ಲಿ ಒಂದು ತೂತು. ಆದರೆ ತೂತು ಅಂತ ಅಸಡ್ಡೆ ಮಾಡಬೇಕಾಗಿಲ್ಲ. ಕೇರಳದ ತ್ರಿಶೂರ್ ಜಿಲ್ಲೆಯ ಚೊವ್ವನ್ನೂರು, ಇಯ್ಯಾಲ್ ಕಡೆ ಮುರಕಲ್ಲಿನಲ್ಲಿ ಕೊರೆದ ಸಮಾಧಿ ಗುಹೆಗಳು ಕೇಂದ್ರದ ಸಂರಕ್ಷಿತ ಪಟ್ಟಿಯಲ್ಲಿವೆ. ಅದೇ ಕಲ್ಲು, ಅದೇ ಕರಾವಳಿ.

ವರ್ಗ ಒಂದು ಕಡೆ, ಕುಮ್ಕಿ ಒಂದು ಕಡೆ

ಅಳತೆ ಮುಗಿಸಿ ಹಳೆಯ ನಕ್ಷೆಯ ಮೇಲೆ ಕೂರಿಸಿದಾಗ ಒಂದು ತೊಡಕು ಎದುರಾಯಿತು. ಗುಹೆ ಇರುವುದು ವರ್ಗ ಜಾಗದಲ್ಲಿ, ಅಂದರೆ ಮನೆಯವರ ಸ್ವಂತ ಹಕ್ಕಿನಲ್ಲಿ. ಕಲ್ಲುಗುಪ್ಪೆ ಮಾತ್ರ ಗಡಿರೇಖೆಯ ಆಚೆ, ಕುಮ್ಕಿಯಲ್ಲಿ.

ಕುಮ್ಕಿ ನಮ್ಮ ಹಳೆಯ ಕೆನರಾ ಜಿಲ್ಲೆಯ ವಿಶೇಷ. ವರ್ಗದ ಜಮೀನಿಗೆ ತಾಗಿಕೊಂಡು 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಮೇವಿಗೆ ಆ ವರ್ಗದಾರನಿಗೆ ಇರುವ ಸೌಲಭ್ಯ ಅದು. ಜಾಗ ಸರ್ಕಾರದ್ದು, ಅನುಭವ ಪಕ್ಕದವರದ್ದು. ತಲೆಮಾರುಗಳಿಂದ ಬಳಸಿ ಬಳಸಿ ಎಲ್ಲರಿಗೂ ಅದು ನಮ್ಮದೇ ಅನ್ನುವ ಅಭ್ಯಾಸ. ಪಾಲುಪಟ್ಟಿಯಲ್ಲಿ ಮಾತ್ರ ಅದನ್ನು ಸ್ವಂತ ಆಸ್ತಿ ಅಂತ ಬರೆಯಲಿಕ್ಕೆ ಬರುವುದಿಲ್ಲ.

ಹೀಗೆ ಒಂದೇ ಪಾರೆಯ ಮೇಲೆ, ಬಹುಶಃ ಒಂದೇ ಕಾಲದ ಜನ ಮಾಡಿದ್ದಕ್ಕೆ, ಎರಡು ಬೇರೆ ದಾರಿ ಆಯಿತು. ಕುಮ್ಕಿಯ ಗುಪ್ಪೆಗೆ ಒಂದು ಅನುಕೂಲ ಇದೆ. ಸರ್ಕಾರಿ ಜಾಗವನ್ನು ಸಾರ್ವಜನಿಕ ಉದ್ದೇಶಕ್ಕೆ ಕಾದಿರಿಸುವ ಅಧಿಕಾರ 1964ರ ಭೂಕಂದಾಯ ಕಾಯ್ದೆಯಲ್ಲಿ ಜಿಲ್ಲಾಧಿಕಾರಿಗಳಿಗೆ ಇದೆ. ಶಾಲೆಗೆ, ಸ್ಮಶಾನಕ್ಕೆ, ಆಟದ ಮೈದಾನಕ್ಕೆ ಹೀಗೆ ಜಾಗ ತೆಗೆದಿಡುವುದು ನಾವೆಲ್ಲ ನೋಡಿದ್ದೇ. ಮೂರು ಸಾವಿರ ವರ್ಷದ ಸ್ಮಶಾನಕ್ಕೆ ಯಾಕಾಗಬಾರದು? ಅಪಾಯವೂ ಇದೆ. ಸರ್ಕಾರಿ ಜಾಗದಲ್ಲಿ ಅಕ್ರಮ-ಸಕ್ರಮಕ್ಕೆ ಯಾರಾದರೂ ಅರ್ಜಿ ಹಾಕಿ, ಗೇರು ಕೃಷಿ ಅಂತ ತೋರಿಸಿ ಮಂಜೂರು ಮಾಡಿಸಿಕೊಂಡರೆ, ಸ್ಥಳ ತನಿಖೆಗೆ ಬರುವವರ ಕಣ್ಣಿಗೆ ಅದು ಸುಮ್ನೆ ಕಲ್ಲಿನ ರಾಶಿ.

ಅದಕ್ಕೆ ನಾನು ನಕ್ಷೆಯಲ್ಲಿ ಗುಪ್ಪೆಯನ್ನೂ ತೋರಿಸಿದೆ. ಗಡಿಕಲ್ಲಿನಿಂದ ದೂರ, ದಿಕ್ಕು, ಸುತ್ತಳತೆ ಎಲ್ಲ ಹಾಕಿ "ಹಳೆಯ ಕಲ್ಲುಗುಪ್ಪೆ" ಅಂತ ಬರೆದೆ. ಅದು ಸಮಾಧಿ ಹೌದೋ ಅಲ್ಲವೋ ಅಂತ ಸರ್ವೆಯವನು ತೀರ್ಮಾನ ಮಾಡಬೇಕಾಗಿಲ್ಲ. ಅಲ್ಲಿ ಅದು ಇತ್ತು ಅಂತ ಕಾಗದದಲ್ಲಿ ಉಳಿಯಬೇಕು. ಬಾವಿ, ಕಟ್ಟೆ, ನಾಗಬನ, ವಿದ್ಯುತ್ ಕಂಬ ತೋರಿಸುವ ನಮಗೆ ಇದನ್ನು ತೋರಿಸಲಿಕ್ಕೆ ಹೆಚ್ಚು ಖರ್ಚಿಲ್ಲ.

ನಾಗಬನದ ಲೆಕ್ಕದಲ್ಲಿ

ಗುಹೆಯ ಜಾಗಕ್ಕೆ ದಾರಿ ತೋರಿಸಿದ್ದು ಅಕ್ಕ. ತೋಟದ ಮೂಲೆಯಲ್ಲಿ ಕುಟುಂಬದ ನಾಗಬನ ಇದೆ. ಅದನ್ನು ಯಾರ ಪಾಲಿಗೂ ಹಾಕಿರಲಿಲ್ಲ. ತುಳುನಾಡಿನ ಪಾಲುಪಟ್ಟಿಗಳಲ್ಲಿ ನಾಗಬನ, ದೈವದ ಗುಡಿ, ಅಲ್ಲಿಗೆ ಹೋಗುವ ದಾರಿ, ಕೆಲವೊಮ್ಮೆ ಬಾವಿ ಎಲ್ಲರಿಗೂ ಸಮಾನ ಹಕ್ಕು ಅಂತ ಬಿಡುವುದು ನಡೆದುಬಂದ ಕ್ರಮ. ಅಕ್ಕ ಹೇಳಿದರು: "ಬನವನ್ನು ಬಿಟ್ಟ ಹಾಗೆ ಇದನ್ನೂ ಬಿಡುವ. ಯಾರಿಗೂ ಬೇಡ ಅಂದ್ರೆ ಎಲ್ಲರದ್ದೂ ಆಗ್ಲಿ."

ನನಗೆ ಇದು ಹೊಳೆದಿರಲಿಲ್ಲ, ವಕೀಲರಿಗೂ ಇಲ್ಲ. ಒಬ್ಬರ ತಲೆಯ ಮೇಲೆ ಬಿದ್ದರೆ ಹೊರೆ, ನಾಲ್ವರಿಗೂ ಹಂಚಿದರೆ ಏಳೆಂಟು ಜನ ಕೂತು ಚಹಾ ಕುಡಿಯುವಷ್ಟು ಜಾಗ. ತಂಗಿಯ ಮನೆ ಕಟ್ಟುವ ಜಾಗವನ್ನು ಪದವಿನ ಇನ್ನೊಂದು ತುದಿಗೆ ಸರಿಸಿದೆವು. ಎ, ಬಿ, ಸಿ, ಡಿ ಶೆಡ್ಯೂಲ್ ನಾಲ್ವರದ್ದು. ಇ ಶೆಡ್ಯೂಲಿನಲ್ಲಿ ನಾಗಬನ, ಅದರ ದಾರಿ, ಮತ್ತು ಪದವಿನ ಮೇಲೆ ಗುಹೆ ಇರುವ ಏಳು ಸೆಂಟ್ಸ್. ಕಲ್ಲು ತೆಗೆಯುವುದು, ಅಗೆಯುವುದು, ಕಟ್ಟಡ ಕಟ್ಟುವುದು ಕೂಡದು ಅಂತ ಸ್ಪಷ್ಟವಾಗಿ ಬರೆಸಿದೆವು.

ಏಳು ಸೆಂಟ್ಸ್ ಯಾಕೆ? ಬಾಯಿ ನೋಡಿದರೆ ಅರ್ಧ ಸೆಂಟ್ಸೂ ಬೇಡ. ಒಳಗಿನ ಗುಮ್ಮಟ ಬಾಯಿಗಿಂತ ಎಲ್ಲಾ ಕಡೆ ಹೊರಗೆ ಹೋಗಿದೆ, ಅದರ ಮೇಲೆ ಗಾಡಿ ನಿಲ್ಲಬಾರದು. ಪಕ್ಕದಲ್ಲಿ ಕೋರೆ ಆಳಕ್ಕೆ ಹೋದರೆ ಗೋಡೆ ತೆಳ್ಳಗಾಗಿ ಕುಸಿಯುತ್ತದೆ. ಒಂದು ಸಮಾಧಿ ಇದ್ದ ಕಡೆ ಬಾಯಿ ಮುಚ್ಚಿದ ಇನ್ನೊಂದು ಇರುವ ಸಾಧ್ಯತೆಯೂ ಇದೆ. ಹಿರಿಯಣ್ಣ ಮೂರು ಅಂದರು, ಮೇಷ್ಟ್ರು ಇಪ್ಪತ್ತು ಅಂದರು. ಏಳಕ್ಕೆ ನಿಂತಿತು. ಇದರಲ್ಲಿ ವಿಜ್ಞಾನ ಕಡಿಮೆ, ಚೌಕಾಸಿ ಜಾಸ್ತಿ. ಒಪ್ಪಿಕೊಂಡೇ ಬರೆಯುತ್ತೇನೆ: ನನ್ನ ಪ್ರಕಾರ ಹದಿನೈದಾದರೂ ಬೇಕಿತ್ತು.

ಕಟ್ಟೆ, ಟೈಲ್ಸ್, ನಿಧಿ

ಸಮಾನ ಹಕ್ಕು ಅಂತಾದ ಮೇಲೆ ಹೊಸ ಉತ್ಸಾಹ ಶುರುವಾಯಿತು. ಮನೆಯವರು ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿದರು. ಜಾಗಕ್ಕೆ ತೊಂದರೆ ಕೊಡಬಾರದು, ದೀಪ ಇಡಬೇಕು ಅಂತ ಬಂತಂತೆ. ಸರಿ, ಹಿರಿಯಣ್ಣ ಗುಹೆಯ ಬಾಯಿ ಸುತ್ತ ಕಾಂಕ್ರೀಟ್ ಕಟ್ಟೆ, ಅದಕ್ಕೆ ಟೈಲ್ಸ್, ಮೇಲೊಂದು ಶೀಟ್ ಮಾಡು ಹಾಕಿಸುವ ಎಸ್ಟಿಮೇಟ್ ತರಿಸಿದರು.

ಇಲ್ಲಿ ಎರಡು ಮನಸ್ಸು. ಪೂಜೆ ಶುರುವಾದ ಜಾಗಕ್ಕೆ ಕೋರೆಯವನು ಕೈ ಹಾಕುವುದಿಲ್ಲ, ಇದು ಸತ್ಯ. ನಮ್ಮಲ್ಲಿ ಎಷ್ಟೋ ಹಾಡಿ, ಬನ ಉಳಿದದ್ದೇ ಹಾಗೆ. ಆದರೆ ಜೀರ್ಣೋದ್ಧಾರದ ಹೆಸರಲ್ಲಿ ಗ್ರಾನೈಟ್, ಟೈಲ್ಸ್ ಬಿದ್ದ ಮೇಲೆ ಒಳಗೇನಿತ್ತು ಅಂತ ಮುಂದಿನವರಿಗೆ ತಿಳಿಯುವ ದಾರಿ ಮುಚ್ಚುತ್ತದೆ. ಮುಚ್ಚಳ ಕೂರುವ ಆ ತೆಳ್ಳಗಿನ ತಗ್ಗು ಸಿಮೆಂಟಿನ ಅಡಿಗೆ ಹೋಗುತ್ತದೆ. ಮೇಷ್ಟ್ರು ಜಾಣತನದಿಂದ ಕೇಳಿದರು: "ಒಳಗಿದ್ದವರು ಕತ್ತಲೆಯಲ್ಲೇ ಇದ್ದವರು ಅಲ್ವಾ? ದೀಪ ಅವರ ತಲೆಯ ಮೇಲೆಯೇ ಯಾಕೆ? ಮರದ ಬುಡದಲ್ಲಿ ಇಡುವ." ಈಗ ದೀಪ ಗಡಿಯಂಚಿನ ಗೇರು ಮರದ ಬುಡದಲ್ಲಿ ಇಡುತ್ತಾರೆ. ಎಸ್ಟಿಮೇಟ್ ಅಲ್ಲಿಗೇ ನಿಂತಿತು.

ಬೇಲಿಗೂ ಸಿಮೆಂಟ್ ಕಂಬ ಬೇಡ ಅಂತಾಯಿತು. ಕಂಬ ಹೂಳಬೇಕಾದರೆ ಪಾರೆ ಕೊರೆಯಬೇಕು. ಮುರಕಲ್ಲುಗಳನ್ನೇ ಮಣ್ಣು, ಸಿಮೆಂಟ್ ಇಲ್ಲದೆ ಒಂದರ ಮೇಲೊಂದು ಪೇರಿಸಿ ಸೊಂಟದೆತ್ತರ ಗೋಡೆ ಮಾಡಿದರು. ಮಳೆನೀರು ಗುಹೆಗೆ ಇಳಿಯದ ಹಾಗೆ ಮೇಲಿನ ಬದಿಯಲ್ಲಿ ಪಾರೆ ಕಡಿಯದೆ, ಮಣ್ಣಿನ ಸಣ್ಣ ಬದು ಹಾಕಿ ನೀರನ್ನು ಬೇರೆ ಕಣಿಗೆ ತಿರುಗಿಸಿದರು.

ಇಷ್ಟೆಲ್ಲ ಆಗುವ ನಡುವೆ ಒಂದು ರಾತ್ರಿ ಯಾರೋ ಒಳಗೆ ಇಳಿದು ಹಾರೆ ಹಾಕಿ ಕೆದಕಿದ್ದರು. ಬಾಯಿಯ ಪಕ್ಕ ಲಿಂಬೆಹಣ್ಣು, ಕುಂಕುಮ, ಒಡೆದ ಮಡಕೆಯ ಚೂರುಗಳ ಸಣ್ಣ ರಾಶಿ. ಅವರಿಗೆ ಬೇಕಾದ ಚಿನ್ನ ಇಂಥ ಕಡೆ ಸಿಗುವುದಿಲ್ಲ ಅಂತ ಎಷ್ಟು ಹೇಳಿದರೂ ನಂಬುವವರಿಲ್ಲ. ಪೊಲೀಸರಿಗೆ ದೂರು ಕೊಟ್ಟದ್ದಾಯಿತು. ನೆಲದಲ್ಲಿ ಹೂತದ್ದು ಸಿಕ್ಕಿದರೆ ಆಡಳಿತಕ್ಕೆ ತಿಳಿಸಬೇಕು ಅಂತ ಕರ್ನಾಟಕದ 1962ರ ನಿಧಿ ಕಾಯ್ದೆಯಲ್ಲಿ ಇದೆ, ಬಚ್ಚಿಟ್ಟರೆ ಶಿಕ್ಷೆಯೂ ಇದೆ. ಅಕ್ಕನ ಮಗ ಚೂರುಗಳನ್ನು ಬಕೆಟಿಗೆ ತುಂಬಿಸಿ ತೊಳೆಯಲು ಹೊರಟಿದ್ದ. ಮೇಷ್ಟ್ರು ತಡೆದರು. ತೊಳೆಯಬಾರದು, ಅಂಟಿಸಬಾರದು, ಪೇಪರಿನಲ್ಲಿ ಕಟ್ಟಿ ಎಲ್ಲಿ ಬಿದ್ದಿತ್ತು ಅಂತ ಬರೆದಿಡಬೇಕು. ಫೋಟೋ ತೆಗೆದು, ಪಟ್ಟಿ ಮಾಡಿ, ಪಂಚಾಯತಿಗೂ ಪುರಾತತ್ವ ಇಲಾಖೆಗೂ ಕಾಗದ ಬರೆಸಿದರು. ಒಳಗೆ ಇಳಿದು ಉಳಿದ ಮಣ್ಣು ನೋಡುವ ಆಸೆ ಎಲ್ಲರಿಗೂ ಇತ್ತು. ಆದರೆ ಉತ್ಖನನಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಅನುಮತಿ ಬೇಕು. ಕಾಲೇಜಿನವರಾಗಲಿ ಜಾಗದ ಮಾಲಕರಾಗಲಿ ತಾವಾಗಿ ಅಗೆಯುವಂತಿಲ್ಲ. ನಿಧಿಯವರು ಅಗೆದದ್ದಕ್ಕಿಂತ ಒಳ್ಳೆ ಮನಸ್ಸಿನವರು ಅಗೆದದ್ದು ಕಡಿಮೆ ಹಾಳಲ್ಲ.

ಈಗ ಎಲ್ಲಿ ನಿಂತಿದೆ

ಪಾಲುಪಟ್ಟಿ ನೋಂದಣಿಯಾಗಿದೆ. ಹಿರಿಯಣ್ಣನ ಕೋರೆ ಪದವಿನ ಪಡುವಣ ಅಂಚಿನಲ್ಲಿ, ಗುಹೆಯಿಂದ ದೂರದಲ್ಲಿ ನಡೆಯುತ್ತಿದೆ. ಗುಹೆ ಉಳಿದಿದೆ, ಗುಪ್ಪೆಯೂ ಇದೆ.

ಇದು ಗಟ್ಟಿ ರಕ್ಷಣೆ ಅಂತ ನಾನು ಹೇಳುವುದಿಲ್ಲ. ಪಾಲುಪಟ್ಟಿ ಕಟ್ಟಿಹಾಕುವುದು ಸಹಿ ಹಾಕಿದವರನ್ನು. ಮುಂಬೈಯವರ ಮಕ್ಕಳು ನಾಳೆ ಬಂದು ನಮ್ಮ ಕಾಲು ಭಾಗ ಬೇರೆ ಮಾಡಿಕೊಡಿ ಅಂತ ಕೋರ್ಟಿಗೆ ಹೋದರೆ ಆ ಷರತ್ತು ಎಷ್ಟು ನಿಲ್ಲುತ್ತದೆ ಅನ್ನುವುದಕ್ಕೆ ವಕೀಲರೇ ಭರವಸೆ ಕೊಡಲಿಲ್ಲ. ನಾಗಬನಕ್ಕೆ ಕುಟುಂಬದ ಭಕ್ತಿಯ ಕಾವಲಿದೆ. ಗುಹೆಗೆ ಅಂಥದ್ದು ಈಗಷ್ಟೇ ಚಿಗುರಿದೆ. ಪಕ್ಕದ ಸರ್ವೆ ನಂಬರಿನವರಿಗೆ ಈ ಕಾಗದದ ಸಂಬಂಧವೇ ಇಲ್ಲ, ಅವರ ಪಾರೆಯ ಅಡಿಯಲ್ಲಿ ಏನಿದೆ ಅಂತ ಯಾರೂ ನೋಡಿಲ್ಲ. ಹಾಗಾಗಿ ರಾಜ್ಯದ ಅಧಿಸೂಚನೆ ಆಗಲೇಬೇಕು. ಪಾಲುಪಟ್ಟಿ ಕೊಡುವುದು ಅದು ಬರುವವರೆಗಿನ ಸಮಯ.

ಇದೇ ಕೆಲಸ ಬೇರೆ ಕಡೆ ಮಾಡುವವರಿಗೆ ಒಂದು ಮಾತು. ಮೊದಲು ಪತ್ರಿಕೆಗೆ ಹೇಳಬೇಡಿ, ಮಾಲಕರ ಜತೆ ಕೂತು ಮಾತಾಡಿ. ಜಾಗ ವರ್ಗವೋ ಕುಮ್ಕಿಯೋ ನೋಡಿ. ಆಮೇಲೆ ಪಂಚಾಯತಿನ ನಿರ್ಣಯ, ತಹಸೀಲ್ದಾರರಿಗೆ ಅರ್ಜಿ, ಇಲಾಖೆಗೆ ಫೋಟೋ ಮತ್ತು ನಕ್ಷೆ. ನಕ್ಷೆ ಇಲ್ಲದ ಅರ್ಜಿ ಯಾವ ಮೇಜಿನಲ್ಲೂ ಮುಂದೆ ಹೋಗುವುದಿಲ್ಲ.

ನಮ್ಮ ಅರ್ಜಿ ಎರಡು. ಕುಮ್ಕಿಯ ಗುಪ್ಪೆಯನ್ನು ಸುತ್ತಲಿನ ಜಾಗ ಸಹಿತ ಸಾರ್ವಜನಿಕ ಉದ್ದೇಶಕ್ಕೆ ಕಾದಿರಿಸಬೇಕು ಅಂತ ಒಂದು. ಏಳು ಸೆಂಟ್ಸಿನ ಪಹಣಿಯಲ್ಲಿ ಹಕ್ಕು-ಋಣದ ಕಲಂನಲ್ಲಿ "ಪ್ರಾಚೀನ ಸಮಾಧಿ ಇರುವ ಸ್ಥಳ" ಅಂತ ನಮೂದಿಸಬೇಕು ಅಂತ ಇನ್ನೊಂದು. ಮೊದಲನೆಯದಕ್ಕೆ ಗ್ರಾಮ ಆಡಳಿತ ಅಧಿಕಾರಿ ಬಂದು ಸ್ಥಳ ನೋಡಿ ಮಹಜರು ಬರೆದುಕೊಂಡು ಹೋಗಿದ್ದಾರೆ. ಎರಡನೆಯದಕ್ಕೆ, ಆ ಕಲಂನಲ್ಲಿ ಬ್ಯಾಂಕ್ ಸಾಲ ಬರೆಯುತ್ತೇವೆ, ಕೋರ್ಟ್ ತಡೆಯಾಜ್ಞೆ ಬರೆಯುತ್ತೇವೆ, ಇದನ್ನು ಯಾವ ಆದೇಶದ ಮೇಲೆ ಬರೆಯುವುದು ಅಂತ ಕೇಳಿದ್ದಾರೆ. ವಕೀಲರು ಉತ್ತರ ತಯಾರು ಮಾಡುತ್ತಿದ್ದಾರೆ.